ಹಿತ್ತಿಲ ಎಲೆಗೆ ಬಂದ ನವರಂಗ

ಡಿಸೆಂಬರ್ ಬಂತೆಂದರೆ ಸಾಕು, ನನ್ನ ಫೋನಿನ ತುಂಬ ನವರಂಗ ಹಕ್ಕಿಯ ಫೋಟೊಗಳು. ಹಸಿರು ಬೆನ್ನು, ರೆಕ್ಕೆಯ ಮೇಲೆ ನೀಲಿ ತೇಪೆ, ಕಣ್ಣಿಗೆ ಕಾಡಿಗೆ ಎಳೆದ ಹಾಗೆ ಕಪ್ಪು ಪಟ್ಟಿ, ಬಾಲದ ಕೆಳಗೆ ಕುಂಕುಮ ಚೆಲ್ಲಿದಂಥ ಕೆಂಪು. ಫೋಟೊದ ಅಡಿಯಲ್ಲಿ ಎಲ್ಲರದ್ದೂ ಒಂದೇ ಮಾತು, ಎಷ್ಟು ಚಂದ, ಎಷ್ಟು ಚಂದ. ಮೊನ್ನೆ ಒಬ್ಬರು ನನ್ನನ್ನೇ ಕೇಳಿದರು, ನೀವು ಬಂಟ್ವಾಳದ ಕಡೆಯವರಲ್ಲವಾ, ಸಣ್ಣದಿರುವಾಗ ನೋಡಿರಬೇಕಲ್ಲ, ಬರೆಯಿರಿ ಎಂದು. ನೋಡಿದ್ದೇನೆ. ಒಂದು ಇಡೀ ಚಳಿಗಾಲ ದಿನಾ ಸಂಜೆ ನೋಡಿದ್ದೇನೆ. ಚಂದದ ಕಥೆ ಬೇಕಾದವರು ಇಲ್ಲಿಗೇ ನಿಲ್ಲಿಸಿ ಮುಂದಿನ ಫೋಟೊಗೆ ಹೋಗಬಹುದು, ನನಗೇನೂ ಬೇಸರವಿಲ್ಲ.

ಅರವತ್ತರ ದಶಕದ ಆರಂಭ. ನನಗೆ ಹನ್ನೊಂದು. ನರಿಕೊಂಬಿನಲ್ಲಿ, ಹೊಳೆಯಿಂದ ಸ್ವಲ್ಪ ಮೇಲೆ, ಗುಡ್ಡೆಯ ಬುಡದಲ್ಲಿ ನಮ್ಮ ಮುಳಿಹುಲ್ಲಿನ ಮನೆ. ಹಿತ್ತಿಲು ದಾಟಿದರೆ ಗೇರು, ಉಪ್ಪಳಿಗೆ, ಕುಂಟಲ ಮರಗಳ ಕಾಡು. ಅಪ್ಪ ಪಾಣೆಮಂಗಳೂರಿನ ಒಂದು ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದರು. ಅಮ್ಮ ಬೀಡಿ ಕಟ್ಟುತ್ತಿದ್ದಳು. ಅಪ್ಪನ ತಾಯಿ, ನನ್ನ ಅಜ್ಜಿ, ಇಬ್ಬರನ್ನೂ ಬೈಯುತ್ತಿದ್ದಳು. ಮತ್ತೆ ನಾನು, ನನ್ನ ತಂಗಿ. ತಂಗಿಗೆ ನಾಲ್ಕು ದಾಟಿತ್ತು.

ಆ ವರ್ಷ ಆಟಿ ತಿಂಗಳ ಮಳೆಯಲ್ಲಿ ತಂಗಿಗೆ ನಾಯಿಕೆಮ್ಮು ಹಿಡಿಯಿತು. ಕಷಾಯ ಆಯಿತು, ತಾಯಿತ ಆಯಿತು, ಡಾಕ್ಟರಲ್ಲಿಗೆ ಹೊತ್ತುಕೊಂಡು ಹೋಗುವಷ್ಟರಲ್ಲಿ ತಡವಾಗಿತ್ತು. ಸತ್ತಳು. ದೊಡ್ಡವರು ಸತ್ತರೆ ಸುಡುತ್ತಾರೆ, ಅಷ್ಟು ಸಣ್ಣವರನ್ನು ಹೂಳುತ್ತಾರೆ. ಹಿತ್ತಿಲಿನ ಆಚೆ ಗುಡ್ಡೆ ಏರುವಲ್ಲಿ ಅಪ್ಪನೇ ಗುಂಡಿ ತೋಡಿದರು, ನರಿ ಕೆದಕಬಾರದೆಂದು ಮೇಲೆ ನಾಲ್ಕು ಕಲ್ಲು ಪೇರಿಸಿದರು. ಹದಿಮೂರನೆಯ ದಿನದ ಬೊಜ್ಜದ ಕ್ರಿಯೆ ಇಲ್ಲ, ಊಟ ಇಲ್ಲ, ನೆಂಟರಿಗೆ ಹೇಳಿ ಕಳಿಸುವುದೂ ಇಲ್ಲ. ಮೂರನೆಯ ದಿನ ಅಪ್ಪ ಮಿಲ್ಲಿಗೆ ಹೋದರು. ಅಮ್ಮ ಆಗ ಬಸುರಿ. ಒಂದು ತಿಂಗಳು ತುಂಬಿ ಎರಡಕ್ಕೆ ಬಿದ್ದಿತ್ತು.

ದೀಪಾವಳಿಯ ಸಂಜೆ, ತೀರಿಹೋದವರಿಗೆಲ್ಲ ಎಲೆ ಹಾಕಿ ಬಡಿಸುವುದು ನಮ್ಮಲ್ಲಿ ಕ್ರಮ. ಒಳಗಿನ ಕೋಣೆಯಲ್ಲಿ ಸಾಲಾಗಿ ಬಾಳೆ ಎಲೆ, ಅನ್ನ, ಕೋಳಿ ಸಾರು, ಪಕ್ಕದಲ್ಲಿ ನೀರು. ಅಜ್ಜ, ಅಜ್ಜನ ಅಣ್ಣ, ಮುತ್ತಜ್ಜಿ, ಹೀಗೆ ಹೆಸರು ಕರೆದು, ಬಂದು ಉಣ್ಣಿ ಎಂದು ಹೇಳಿ ಬಾಗಿಲು ಎಳೆದುಕೊಳ್ಳುತ್ತಾರೆ. ಅವತ್ತು ಸಾಲಿನ ತುದಿಯಲ್ಲಿ ಅಮ್ಮ ಒಂದು ಪುಟ್ಟ ಎಲೆ ಹಾಕಿದ್ದಳು. ಅಜ್ಜಿ ಅದನ್ನು ನೋಡಿದಳು.

"ಇದು ಯಾರಿಗೆ?"

"ಅವಳಿಗೆ."

"ಹಾಲುಹಲ್ಲು ಬೀಳದ ಮಕ್ಕಳಿಗೆ ಎಲೆ ಇಲ್ಲ ಮಗಳೇ. ನಾನು ಮಾಡಿದ ಕ್ರಮ ಅಲ್ಲ ಇದು."

"ಹಾಗಾದರೆ ಅವಳು ಉಣ್ಣುವುದು ಎಲ್ಲಿ ಅತ್ತೆ?"

"ಅವಳು ಉಣ್ಣುವುದಿಲ್ಲ. ಅಷ್ಟು ಸಣ್ಣದಕ್ಕೆ ಹಸಿವು ಅಂತ ಇರುವುದಿಲ್ಲ."

"ಹೋಗುವ ದಿನ ಸಹ ಗಂಜಿ ಕೇಳಿದ್ದಾಳೆ ಅವಳು. ಹಸಿವು ಇಲ್ಲವಂತೆ."

ಅಜ್ಜಿ ಪುಟ್ಟ ಎಲೆಯನ್ನು ಮಡಚಿ ಹಟ್ಟಿಗೆ ಒಯ್ದು ದನಕ್ಕೆ ಹಾಕಿದಳು. ಅವತ್ತು ಅಮ್ಮ ಉಣ್ಣಲಿಲ್ಲ. ಮರುದಿನ ಎರಡು ತುತ್ತು. ಅದರ ಮರುದಿನ ತಿಳಿಗಂಜಿ ಮಾತ್ರ ಕುಡಿದು ಅಗುಳನ್ನೆಲ್ಲ ಬಟ್ಟಲಲ್ಲೇ ಬಿಟ್ಟಳು. ಕೇಳಿದರೆ, ಅವಳು ಉಣ್ಣದೆ ನನಗೆ ಇಳಿಯುವುದಿಲ್ಲ, ಅಷ್ಟೇ ಉತ್ತರ. ಹೊಟ್ಟೆ ಮುಂದಕ್ಕೆ ಬರುತ್ತಿತ್ತು, ಕೈಕಾಲು ಕಡ್ಡಿಯಾಗುತ್ತಿದ್ದವು. ಒಳಗಿರುವುದಕ್ಕಾದರೂ ತಿನ್ನು ಎಂದು ಅಜ್ಜಿ ಬೈದಳು, ಬೇಡಿಕೊಂಡಳು, ಒಮ್ಮೆ ಕಾಲು ಸಹ ಹಿಡಿಯಲು ಹೋದಳು. ಹೀಗೇ ಹೋದರೆ ಎರಡು ಜೀವ ಹೋಗುತ್ತದೆ ಎಂದು ಪಕ್ಕದ ಮನೆಯವಳಲ್ಲಿ ಅವಳು ಹೇಳಿದ್ದನ್ನು ನಾನು ಕೇಳಿಸಿಕೊಂಡೆ.

ಆಗ ಬಂತು ಹಕ್ಕಿ.

ಚಳಿ ಹಿಡಿಯಲು ಶುರುವಾಗಿತ್ತು. ನಮ್ಮ ಚಳಿ ಎಂಥದ್ದು, ಬೆಳಿಗ್ಗೆ ಹೊಳೆಯ ಮೇಲೆ ಮಂಜು, ಬಚ್ಚಲಿನ ಒಲೆಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ಕೂರುವುದು, ಅಷ್ಟೇ. ಒಂದು ಸಂಜೆ ತಂಗಿಯ ಮೇಲೆ ಪೇರಿಸಿದ ಕಲ್ಲುಗಳ ಹತ್ತಿರ ತರಗೆಲೆ ಸರಕ್ ಎಂದಿತು. ಅಮ್ಮ ಮೊದಲು ನೋಡಿದಳು. ಪಿಕಳಾರಕ್ಕಿಂತ ಸ್ವಲ್ಪ ದಪ್ಪ, ಬಾಲ ಇಲ್ಲವೇ ಇಲ್ಲ ಎನ್ನುವಷ್ಟು ಮೊಂಡು. ಉದ್ದ ಕಾಲಿನ ಮೇಲೆ ನೆಟ್ಟಗೆ ನಿಂತಿತ್ತು. ಆ ಬಣ್ಣದ ಹಕ್ಕಿಯನ್ನು ನಾವು ಯಾರೂ ಅಲ್ಲಿವರೆಗೆ ನೋಡಿರಲಿಲ್ಲ. ಹೆಸರೂ ಗೊತ್ತಿರಲಿಲ್ಲ, ನವರಂಗ ಎಂದು ನಾನು ಕಲಿತದ್ದು ಎಷ್ಟೋ ವರ್ಷ ಕಳೆದ ಮೇಲೆ. ಅದು ಕಲ್ಲಿನಿಂದ ಕಲ್ಲಿಗೆ ಕುಪ್ಪಳಿಸಿತು. ಕತ್ತೆತ್ತಿ ಎರಡು ಸ್ವರದಲ್ಲಿ ಸಿಳ್ಳೆ ಹಾಕಿತು. ಸ್ವಲ್ಪ ಬಿಟ್ಟು ಮತ್ತೆ ಎರಡು ಸ್ವರ. ಆಮೇಲೆ ಕಾಡಿಗೆ ಹಾರಿತು.

ಅಮ್ಮ ಮರುದಿನ ಸಂಜೆ ಬಾಳೆ ಎಲೆಯ ತುಂಡೊಂದರಲ್ಲಿ ಅನ್ನ ಹಾಕಿ, ಹಿತ್ತಿಲಿನ ಕೊನೆಯಲ್ಲಿ ಇಟ್ಟು ಬಂದು, ಬಾಗಿಲ ಮೆಟ್ಟಿಲಲ್ಲಿ ತನ್ನ ಗಂಜಿ ಬಟ್ಟಲು ಹಿಡಿದುಕೊಂಡು ಕೂತಳು. ಹಕ್ಕಿ ಬಂತು. ಎಲೆಯ ಸುತ್ತ ಒಂದು ಸುತ್ತು ಹಾಕಿತು. ಅನ್ನದ ಕಡೆ ತಿರುಗಿಯೂ ನೋಡದೆ ಹೋಯಿತು. ಅಮ್ಮ ಎದ್ದು ತನ್ನ ಗಂಜಿಯನ್ನು ದನದ ಬಾನಿಗೆ ಸುರಿದಳು. ಮರುದಿನವೂ ಹಾಗೆಯೇ. ಅದರ ಮರುದಿನವೂ.

"ಕಾಗೆ ಮುಟ್ಟುವುದಿಲ್ಲವಾ ಅನ್ನ? ಅದನ್ನೇ ನೋಡಿಕೊಂಡು ಉಣ್ಣು," ಎಂದಳು ಅಜ್ಜಿ.

"ಕಾಗೆ ನಿಮ್ಮ ಹಿರಿಯರದ್ದು ಅತ್ತೆ. ಅವರಿಗೆ ಎಲೆ ಉಂಟಲ್ಲ ಒಳಗೆ."

ಅಜ್ಜಿ ಎದ್ದು ಒಲೆಯ ಕಡೆಗೆ ಹೋದಳು.

ನನಗೆ ಹಕ್ಕಿಯ ಮೇಲೆ ಪ್ರೀತಿ ಇತ್ತು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಪ್ರೀತಿ ಅಲ್ಲ, ಸಿಟ್ಟು. ಒಂದು ಅಗುಳು ಮುಟ್ಟಿದರೆ ಇದರ ಗಂಟೇನು ಹೋಗುತ್ತದೆ ಎಂದು. ಶಾಲೆಯಿಂದ ಬಂದವಳೇ ಗೇರು ಮರದ ಹಿಂದೆ ಕೂತು ಅದನ್ನೇ ಕಾಯುತ್ತಿದ್ದೆ. ಕಂಬಳಿ ಹುಳ ಕಾಲ ಮೇಲೆ ಹತ್ತಿದರೂ ಅಲ್ಲಾಡುತ್ತಿರಲಿಲ್ಲ. ಹಾಗೆ ನೋಡಿ ನೋಡಿ ಅದರ ಕಸುಬು ಗೊತ್ತಾಯಿತು. ಎರಡು ಹಾರು, ಒಂದು ನಿಲುವು. ನಿಂತಾಗ ಮೊಂಡು ಬಾಲವನ್ನು ನಿಧಾನಕ್ಕೆ ಮೇಲೆ ಕೆಳಗೆ ಆಡಿಸುತ್ತದೆ. ತಲೆ ಓರೆ ಮಾಡಿ ನೆಲಕ್ಕೆ ಕಿವಿ ಕೊಟ್ಟ ಹಾಗೆ ಇರುತ್ತದೆ. ಆಮೇಲೆ ಕೊಕ್ಕಿನಿಂದ ಒಂದು ತರಗೆಲೆಯನ್ನು ಹಿಡಿದು ಪಕ್ಕಕ್ಕೆ ಎಸೆಯುತ್ತದೆ, ಅಜ್ಜಿ ಹಳೇ ಬಟ್ಟೆ ಬಿಸಾಡುವ ಹಾಗೆ, ಅಸಡ್ಡೆಯಿಂದ. ಅಡಿಯಲ್ಲಿ ಎರೆಹುಳ ಇದ್ದರೆ ಎಳೆಯುತ್ತದೆ. ಗೆದ್ದಲು ಇದ್ದರೆ ಮಾತ್ರ ಅಲ್ಲಿಂದ ಕದಲುವುದಿಲ್ಲ. ಒಂದೊಂದೇ ಹೆಕ್ಕುತ್ತದೆ, ಅನ್ನ ಉಂಡ ಹಾಗೆಯೇ.

ಅಲ್ಲಿಗೆ ನನ್ನ ತಲೆಯಲ್ಲಿ ದೀಪ ಹತ್ತಿತು.

ಹಟ್ಟಿಯ ಹಿಂದೆ ಕೊಳೆತ ತೆಂಗಿನ ಬೊಡ್ಡೆ ಇತ್ತು. ಒಡೆದರೆ ಒಳಗೆ ಬೆಳ್ಳಗೆ ಗೆದ್ದಲು. ತೆಂಗಿನ ಗೆರಟೆಯಲ್ಲಿ ಝಾಡಿಸಿಕೊಂಡು, ಅಮ್ಮ ಎಲೆ ಇಟ್ಟು ಒಳಗೆ ಬಟ್ಟಲು ತರಲು ಹೋಗುವ ಹೊತ್ತಿಗೆ ಓಡಿ, ಅನ್ನದ ಮೇಲೆ ಉದುರಿಸಿ ಬಂದೆ. ಮೊದಲ ದಿನ ಹಕ್ಕಿ ಹತ್ತಿರ ಬರಲಿಲ್ಲ. ಎರಡನೆಯ ದಿನ ಎಲೆಯ ಅಂಚಿಗೆ ಬಂದು ಬೆದರಿ ಹೋಯಿತು. ಮೂರನೆಯ ದಿನ ನಾನು ಕಲ್ಲಿನಿಂದ ಎಲೆಯ ತನಕ ದಾರಿ ಉದ್ದಕ್ಕೂ ಸ್ವಲ್ಪ ಸ್ವಲ್ಪ ಉದುರಿಸಿದೆ. ಅದು ಹೆಕ್ಕುತ್ತಾ ಹೆಕ್ಕುತ್ತಾ ಬಂದು ಎಲೆಯ ಮೇಲೆ ಹತ್ತಿತು. ಅನ್ನದ ನಡುವೆ ಕೊಕ್ಕು ಹಾಕಿತು. ಒಂದು, ಎರಡು, ಮೂರು. ಮೆಟ್ಟಿಲಿನಿಂದ ನೋಡುವವರಿಗೆ ಅಗುಳೂ ಒಂದೇ ಗೆದ್ದಲೂ ಒಂದೇ.

"ಉಂಡಳು," ಎಂದಳು ಅಮ್ಮ.

ಆಮೇಲೆ ತಾನು ಉಂಡಳು. ಬಟ್ಟಲು ಪೂರ್ತಿ. ಅಜ್ಜಿ ಒಳಗಿನಿಂದ ಒಣಮೀನು ಚಟ್ನಿ ತಂದು ಬಡಿಸಿದಾಗ ಅದನ್ನೂ ಉಂಡಳು. ಅಪ್ಪ ಮಿಲ್ಲಿನಿಂದ ಬಂದಾಗ ಅಜ್ಜಿ ಬಾಗಿಲಲ್ಲೇ ತಡೆದು ಕಿವಿಯಲ್ಲಿ ಹೇಳಿದಳು. ಅಪ್ಪ ಜಗಲಿಯಲ್ಲಿ ಕೂತು ತುಂಬ ಹೊತ್ತು ಬೀಡಿ ಹಚ್ಚದೆ ಕೈಯಲ್ಲೇ ಹಿಡಿದುಕೊಂಡಿದ್ದರು.

ನನಗೆ ಆವತ್ತಿನಿಂದ ಕೆಲಸ ಹತ್ತಿತು. ಜ್ವರ ಬಂದರೂ ಗೆದ್ದಲು ಬೇಕು. ತೆಂಗಿನ ಬೊಡ್ಡೆ ವಾರದಲ್ಲಿ ಬರಿದಾಯಿತು. ಹಳೇ ಬೇಲಿಯ ಗೂಟ, ಒಣಗಿದ ತೆಂಗಿನ ಮಡಲಿನ ರಾಶಿ, ಕಂಡದ್ದನ್ನೆಲ್ಲ ಒಡೆದೆ. ಒಂದು ದಿನ ಸೌದೆ ಕೊಟ್ಟಿಗೆಯಲ್ಲಿ ಗೆರಟೆ ಹಿಡಿದು ಕೂತಿದ್ದಾಗ ಬೆನ್ನ ಹಿಂದೆ ಅಜ್ಜಿ.

"ಎಂತದು ಹೆಣ್ಣೇ ಅದು?"

ನಾನು ಗೆರಟೆ ಮುಚ್ಚಿಕೊಂಡೆ. ಅವಳು ಕೈ ಸರಿಸಿ ನೋಡಿದಳು. ಹಿತ್ತಿಲಿನ ಕಡೆ ನೋಡಿದಳು. ಮತ್ತೆ ಗೆರಟೆ ನೋಡಿದಳು. ಒಂದೇಟು ಬೀಳುತ್ತದೆಂದು ನಾನು ಬೆನ್ನು ಗಟ್ಟಿ ಮಾಡಿಕೊಂಡೆ.

"ಇಷ್ಟು ಎಲ್ಲಿಗೆ ಸಾಲ್ತದೆ," ಎಂದಳು. "ಮೇಲೆ ಕುಂಟಲ ಮರದ ಬುಡದಲ್ಲಿ ಹುತ್ತ ಉಂಟು. ಹಾವು ನೋಡಿಕೊಂಡು ತೋಡು. ಅಮ್ಮನಿಗೆ ಗೊತ್ತಾದರೆ ನಿನ್ನ ತೊಗಲು ಸುಲಿಯುವವಳು ನಾನು."

ಚಳಿಗಾಲದಲ್ಲಿ ಗುಡ್ಡೆಯ ತರಗೆಲೆ ಗುಡಿಸಿ, ಮಣ್ಣಿನ ಜೊತೆ ಪೇರಿಸಿ ಬೆಂಕಿ ಕೊಟ್ಟು ಸುಡುಮಣ್ಣು ಮಾಡುವುದು ಅಜ್ಜಿಯ ಕೆಲಸ. ತರಕಾರಿ ಬಳ್ಳಿಗೆ ಅದೇ ಗೊಬ್ಬರ. ಆ ವರ್ಷ ಅವಳು ಹಿತ್ತಿಲಿನ ಆಚೆಗೆ ಪೊರಕೆ ಒಯ್ಯಲಿಲ್ಲ. ಎಲೆ ಇಲ್ಲದ ನೆಲಕ್ಕೆ ಆ ಹಕ್ಕಿ ಬರುವುದಿಲ್ಲ ಎಂದು ನಾನು ಹೇಳಿಕೊಟ್ಟಿದ್ದೆ. ಬಳ್ಳಿ ಬಡಕಲಾಯಿತು. ಪಕ್ಕದ ಮನೆಯವಳು ಕೇಳಿದ್ದಕ್ಕೆ ಅಜ್ಜಿ, ಸೊಂಟ ನೋವು ಮಾರಾಯ್ತಿ, ಬಗ್ಗಲಿಕ್ಕೆ ಆಗುವುದಿಲ್ಲ ಎಂದು ಬಗ್ಗಿಯೇ ಹೇಳಿದಳು.

ಅಪ್ಪನಿಗೆ ಮಾತ್ರ ನಾವು ಹೇಳಿರಲಿಲ್ಲ. ಅದು ತಪ್ಪಾಯಿತು. ಮಕರ ತಿಂಗಳಲ್ಲಿ ಒಂದು ದಿನ ಅಪ್ಪ ಮಿಲ್ಲಿನಿಂದ ಬೇಗ ಬಂದು, ಎಳೇ ಹಲಸಿನಕಾಯಿ ಕೊಯ್ದು ಮೇಣ ಇಳಿಸತೊಡಗಿದರು. ಅದನ್ನು ಎಣ್ಣೆಯಲ್ಲಿ ಕಾಯಿಸಿ ಕಡ್ಡಿಗೆ ಸವರಿ ನೆಟ್ಟರೆ ಹಕ್ಕಿ ಕೂತಲ್ಲೇ ಅಂಟುತ್ತದೆ.

"ಯಾವ ಹಕ್ಕಿಗೆ ಅಪ್ಪ?"

"ಯಾವುದಕ್ಕಾದರೂ. ನೀನು ಒಳಗೆ ಹೋಗು."

ಅಜ್ಜಿ ಕೇಳಿದಾಗ ಬಾಯಿ ಬಿಟ್ಟರು. ಮಿಲ್ಲಿನಲ್ಲಿ ಹಿರಿಯನೊಬ್ಬ ಹೇಳಿದ್ದನಂತೆ, ಹೋದವರು ವರ್ಷಕ್ಕೊಮ್ಮೆ ಬಂದು ಉಣ್ಣಬೇಕು, ದಿನಾ ಬಂದು ಉಂಡರೆ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಲಿಕ್ಕೇ ಬರುವುದು, ನಿನ್ನ ಮನೆಯಲ್ಲಿ ಬಸುರಿ ಇದ್ದಾಳಲ್ಲ, ಜಾಗ್ರತೆ ಎಂದು.

"ನನಗೆ ಆ ಮಗು ಬೇಕಿತ್ತು ಅಮ್ಮ. ಈಗ ಇದೂ ಬೇಕು. ನಾನೆಂತ ಮಾಡಲಿ?"

ಅಜ್ಜಿ ನನ್ನ ಕಡೆ ನೋಡಿದಳು. ನಾನು ಗೆರಟೆ ತಂದು ಅಪ್ಪನ ಮುಂದೆ ಇಟ್ಟೆ. ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನಗುತ್ತಾರೋ ಹೊಡೆಯುತ್ತಾರೋ ಎಂದು ನಾನು ಮುಖವನ್ನೇ ನೋಡುತ್ತಿದ್ದೆ. ಎರಡೂ ಮಾಡಲಿಲ್ಲ. ಮೇಣದ ಪಾತ್ರೆಯನ್ನು ಒಲೆಯಿಂದ ಇಳಿಸಿ ಹೊರಗೆ ಚೆಲ್ಲಿ ಬಂದರು. ಮರುದಿನ ಮಿಲ್ಲಿನಿಂದ ಬರುವಾಗ ಗೋಣಿಯಲ್ಲಿ ಗೆದ್ದಲು ಹಿಡಿದ ಹಲಗೆಯ ತುಂಡುಗಳನ್ನು ತಂದು, ಅಮ್ಮನ ಕಣ್ಣು ತಪ್ಪಿಸಿ ಹಟ್ಟಿಯ ಹಿಂದೆ ಇಟ್ಟರು.

"ಬೇಕಾದಷ್ಟು ಉಂಟು ಅಲ್ಲಿ," ಎಂದರು ನನಗೆ. "ಇನ್ನು ಹುತ್ತಕ್ಕೆ ಕೈ ಹಾಕಬೇಡ."

ಹೀಗೆ ಮೂವರೂ ಸೇರಿ ಒಬ್ಬಳಿಗೆ ಸುಳ್ಳು ಬಡಿಸಿದೆವು, ಫೆಬ್ರವರಿ, ಮಾರ್ಚ್ ದಾಟುವವರೆಗೆ. ಅಮ್ಮ ದಪ್ಪಗಾದಳು. ಮತ್ತೆ ಬೀಡಿ ಎಲೆ ತುಂಬಿದ ಮೊರ ಮಡಿಲಲ್ಲಿಟ್ಟುಕೊಂಡು ಕೂತಳು. ಹಕ್ಕಿಯ ಹತ್ತಿರ ಮಾತಾಡುತ್ತಿದ್ದಳು, ನಿಧಾನ ತಿನ್ನು, ಗಂಟಲಲ್ಲಿ ಸಿಕ್ಕೀತು ಎಂದೆಲ್ಲ. ನಾನು ಗೇರು ಮರದ ಹಿಂದೆ ನಿಂತು ಅದನ್ನು ಕೇಳಬೇಕಿತ್ತು.

ಏಪ್ರಿಲಿನ ಬಿಸು ಹಬ್ಬಕ್ಕೆ ವಾರ ಇರುವಾಗ ಹಕ್ಕಿ ಬರಲಿಲ್ಲ. ಚಳಿ ಮುಗಿದ ಮೇಲೆ ಅದು ಉತ್ತರಕ್ಕೆ ಹೋಗುತ್ತದೆಂದು ಈಗ ಎಲ್ಲರಿಗೂ ಗೊತ್ತು. ನಮಗೆ ಗೊತ್ತಿರಲಿಲ್ಲ. ಎಲೆಯ ಮೇಲೆ ಗೆದ್ದಲು ಅತ್ತಿತ್ತ ಹರಿದಾಡಿ ಒಣಗಿದವು. ಅಮ್ಮ ಬಟ್ಟಲು ಕೆಳಗಿಟ್ಟಳು. ಎರಡನೆಯ ದಿನವೂ ಇಟ್ಟಳು. ಹೆರಿಗೆಗೆ ದಿನ ಎಣಿಸುವ ಹೆಂಗಸು. ಅಪ್ಪ ಮಿಲ್ಲಿಗೆ ರಜೆ ಹಾಕಿ ಗುಡ್ಡೆಯೆಲ್ಲ ಸುತ್ತಿ, ಸಿಳ್ಳೆ ಕೇಳುತ್ತದೋ ಎಂದು ಕಿವಿ ಕೊಟ್ಟು ಬಂದರು. ಮೂರನೆಯ ದಿನ ಅಜ್ಜಿ ಗಂಜಿಯನ್ನು ತುತ್ತು ಮಾಡಿ ಬಾಯಿಗೆ ಹಿಡಿದಳು, ಅಮ್ಮ ಹಲ್ಲು ಕಚ್ಚಿಕೊಂಡಳು.

ನಾಲ್ಕನೆಯ ಸಂಜೆ ಅವಳು ಎಲೆ ಇಡಲೇ ಇಲ್ಲ. ತಾನಾಗಿ ಅಡುಗೆ ಕೋಣೆಗೆ ಹೋಗಿ ಬಡಿಸಿಕೊಂಡು ಎರಡು ಬಟ್ಟಲು ಉಂಡಳು. ನಾವು ಮೂವರೂ ಬಾಗಿಲಲ್ಲಿ ನಿಂತು ನೋಡಿದೆವು.

"ಇನ್ನು ಅವಳು ಹೊರಗಿನಿಂದ ಬರುವುದಿಲ್ಲ," ಎಂದಳು. ಕೈ ಹೊಟ್ಟೆಯ ಮೇಲಿತ್ತು. "ಒಳಗೆ ಬಂದಿದ್ದಾಳೆ."

ಅಜ್ಜಿ ತಿಂಗಳು ಎಣಿಸುತ್ತಾ ಬೆರಳು ಮಡಚಿದಳು. ಆ ಮಗು ಕೆಮ್ಮುತ್ತಿರುವಾಗಲೇ ಈ ಮಗು ಹೊಟ್ಟೆಯಲ್ಲಿತ್ತು. ತಿಂಗಳು ಕೂಡುವುದಿಲ್ಲ. ಅಜ್ಜಿಗೆ ಗೊತ್ತು, ಅಪ್ಪನಿಗೆ ಗೊತ್ತು. ಅಮ್ಮನಿಗೆ ಗೊತ್ತಿಲ್ಲದಿರಲು ಸಾಧ್ಯವೇ ಇಲ್ಲ.

"ತಿಂತಾ ಇದ್ದಾಳಲ್ಲ," ಎಂದಳು ಅಜ್ಜಿ ಮೆಲ್ಲಗೆ. "ತಿನ್ನಲಿ. ಮತ್ತೆ ನೋಡುವ."

ಆ "ಮತ್ತೆ" ಬರಲೇ ಇಲ್ಲ. ಬಿಸು ಕಳೆದು ಎರಡನೆಯ ದಿನ ಹೆಣ್ಣು ಮಗು ಹುಟ್ಟಿತು, ಗಟ್ಟಿಮುಟ್ಟಾಗಿ. ಅಮ್ಮ ಸತ್ತವಳ ಹೆಸರನ್ನೇ ಇಟ್ಟಳು. ಬೇಡ, ಆ ಹೆಸರು ಮುಗಿಯಿತು ಎಂದು ಅಜ್ಜಿ ಅಂದರೆ, ಮುಗಿದರೆ ತಾನೇ, ಎಂದು ಅಮ್ಮ. ಈ ಹೊಸ ತಂಗಿ, ಸತ್ತವಳ ಅಂಗಿ ಹಾಕಿ ಬೆಳೆದಳು. ನಿನಗೆ ಮೊದಲು ಹುರುಳಿ ಸಾರು ಇಷ್ಟ ಇತ್ತು, ಈಗ ಯಾಕೆ ಬೇಡ ಎಂದು ಬೈಸಿಕೊಂಡಳು. ಅವಳು ಎಡಗೈಯವಳು, ಮೊದಲು ನೀನು ಹಾಗಿರಲಿಲ್ಲ ಎಂದು ಅಮ್ಮ ಎಡಗೈಯನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿ ಊಟಕ್ಕೆ ಕೂರಿಸುತ್ತಿದ್ದಳು. ಆಟಿ ಬಂತೆಂದರೆ ಮಗುವಿಗೆ ಹೊಸ್ತಿಲು ದಾಟುವ ಹಾಗಿಲ್ಲ. ಒಂದು ಕೆಮ್ಮು ಕೇಳಿದರೆ ಸಾಕು, ಅಮ್ಮನ ಮುಖ ನೋಡಲಾಗುತ್ತಿರಲಿಲ್ಲ.

ತಂಗಿಗೆ ಮೂರಾದಾಗ ನಾನು ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಬೀಡಿ ಎಲೆ ಕತ್ತರಿಸುತ್ತಾ ಕೇಳಿದಳು. ಕತ್ತರಿ ನಿಲ್ಲಲಿಲ್ಲ.

"ನೀನು ಇಟ್ಟದ್ದು ಗೆದ್ದಲು. ಆಯಿತು. ಬಂದದ್ದು ಯಾರು?"

"ಹಕ್ಕಿ ಅಮ್ಮ. ಬರೇ ಹಕ್ಕಿ."

"ಮತ್ತೆ ಅವಳು ತಿರುಗಿ ಬರುವ ವರ್ಷವೇ ಯಾಕೆ ಬಂತು? ಅದರ ಮೊದಲು ಕಂಡಿದ್ದೀಯಾ ನೀನು?"

ಕಂಡಿರಲಿಲ್ಲ. ಆಮೇಲೂ ನಮ್ಮ ಹಿತ್ತಿಲಿನಲ್ಲಿ ಕಾಣಲಿಲ್ಲ, ಏಕೆಂದರೆ ಮರುವರ್ಷದಿಂದ ಅಜ್ಜಿ ಎಲೆ ಗುಡಿಸತೊಡಗಿದ್ದಳು. ಅದನ್ನು ಹೇಳಿ ಏನು ಪ್ರಯೋಜನ.

ಆರು ತುಂಬಿದ ಮೇಲೆ ತಂಗಿಯನ್ನು ಶಾಲೆಗೆ ಸೇರಿಸಲು ಹೋದೆವು. ಅಜ್ಜಿ ಆಗ ತೀರಿಹೋಗಿದ್ದಳು. ಅಪ್ಪ ಮಿಲ್ಲಿನಲ್ಲಿ. ನಾನು, ಅಮ್ಮ, ತಂಗಿ. ಹೆಡ್ಮಾಸ್ತರರು ಹೆಸರು ಬರೆದುಕೊಂಡು ಪ್ರಾಯ ಕೇಳಿದರು.

"ಹನ್ನೊಂದು," ಎಂದಳು ಅಮ್ಮ.

ಮಾಸ್ತರರು ಮೇಜಿನ ಮೇಲಿನಿಂದ ಬಗ್ಗಿ ತಂಗಿಯನ್ನು ನೋಡಿದರು. "ಈ ಮಗುವಿಗೆ ಹನ್ನೊಂದಾದರೆ ನನಗೆ ನೂರಾ ಹನ್ನೊಂದು ಅಮ್ಮಾ. ಸರಿಯಾಗಿ ನೆನಪು ಮಾಡಿ ಹೇಳಿ."

"ಸರಿಯಾಗಿಯೇ ಹೇಳಿದ್ದೇನೆ. ನಡುವೆ ಸ್ವಲ್ಪ ಸಮಯ ಇರಲಿಲ್ಲ ಇವಳು."

ಅವರು ಪೆನ್ನು ಹಿಡಿದುಕೊಂಡು ನನ್ನ ಕಡೆ ತಿರುಗಿದರು. ನಾನು ಅಮ್ಮನ ಕಡೆ ನೋಡದೆ, "ಆರು ಸರ್," ಎಂದೆ. ಅವರು ಆರು ಎಂದು ಬರೆದುಕೊಂಡರು. ಅಮ್ಮ ಎದ್ದು ಹೊರಗೆ ಹೋದಳು.

ವಾಪಸು ಬರುವಾಗ ಅಮ್ಮ ಗದ್ದೆಯ ಹುಣಿಯ ಮೇಲೆ ತುಂಬ ಮುಂದೆ ನಡೆಯುತ್ತಿದ್ದಳು, ತಿರುಗಿ ನೋಡದೆ. ತಂಗಿ ನನ್ನ ಕೈ ಹಿಡಿದುಕೊಂಡಿದ್ದಳು. ಸ್ವಲ್ಪ ದೂರ ಬಂದ ಮೇಲೆ ಕೇಳಿದಳು.

"ಅಕ್ಕ, ನಾನು ಸತ್ತದ್ದು ಹೇಗೆ?"

ಅವಳ ಸ್ವರದಲ್ಲಿ ಹೆದರಿಕೆ ಇರಲಿಲ್ಲ. ಶಾಲೆಯ ಗಂಟೆ ಎಷ್ಟು ಹೊತ್ತಿಗೆ ಹೊಡೆಯುತ್ತಾರೆ ಎಂದು ಕೇಳಿದ ಹಾಗೆ ಕೇಳಿದಳು.

"ಕೆಮ್ಮಿನಲ್ಲಿ," ಎಂದೆ. ಬೇರೆ ಏನೋ ಹೇಳಬೇಕಿತ್ತು, ನೀನು ಸತ್ತಿಲ್ಲ, ಅದು ಬೇರೆಯವಳು ಎಂದು. ನನ್ನ ಬಾಯಿಗೆ ಬಂದದ್ದು ಅದು.

"ನನಗೆ ತುಂಬ ನೋವಾಯಿತಾ?"

"ಗೊತ್ತಿಲ್ಲ."

"ನನಗೂ ನೆನಪಿಲ್ಲ," ಎಂದಳು ತಂಗಿ. ನನ್ನ ಕೈ ಬಿಟ್ಟು, ಅಮ್ಮನನ್ನು ಹಿಡಿಯಲು ಓಡಿದಳು.